ಮಗಳು ತನ್ನನ್ನು ‘ನಾರ್ಮಲ್ ಟೈಪ್’ ಅಂತ ಬರೆದುಕೊಂಡಾಗ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮಂಡ್ಯದಲ್ಲಿ 8ನೇ ತರಗತಿ ಓದುತ್ತಿದ್ದಾಳೆ. ಪೊಕೆಮಾನ್ ಅನ್ನುವ ವಿಡಿಯೋ ಗೇಮ್ ಅಂದರೆ ಪ್ರಾಣ. ಈಗ ನೋಟ್‌ಬುಕ್ಕಿನಲ್ಲಿ ಆ ಆಟದ 18 ‘ಟೈಪ್’ಗಳಿಗೆ 18 ಮನೆ ಗೀಚಿ, ನಮ್ಮನ್ನೂ ತರಗತಿಯವರನ್ನೂ ಸ್ವಭಾವ ನೋಡಿ ಒಂದೊಂದು ಟೈಪ್‌ಗೆ ಹಾಕಿದ್ದಾಳೆ. ಅವರಪ್ಪ ಫೈರ್, ನಾನು ಸ್ಟೀಲ್, ನಮ್ಮತ್ತೆ ಗ್ರೌಂಡ್. ಒಬ್ಬ ಹುಡುಗಿಯನ್ನು ಪಾಯಿಸನ್‌ಗೆ ಹಾಕಿದ್ದು ಗೊತ್ತಾಗಿ ಆ ಮಗು ತರಗತಿಯಲ್ಲೇ ಅತ್ತಿದೆ. ತನ್ನ ಹೆಸರನ್ನು ಮಾತ್ರ ನಾರ್ಮಲ್ ಅನ್ನುವ ಮನೆಯಲ್ಲಿ ಬರೆದುಕೊಂಡಿದ್ದಾಳೆ. ಯಾಕಮ್ಮ ಅಂತ ಕೇಳಿದರೆ, “ನನ್ನಲ್ಲಿ ವಿಶೇಷ ಏನೂ ಇಲ್ವಲ್ಲಮ್ಮ” ಅಂದಳು. ಹೀಗೆ ಸ್ವಭಾವಕ್ಕೂ ಟೈಪ್‌ಗೂ ಹೊಂದಿಸುವುದರಲ್ಲಿ ನಿಜ ಏನಾದರೂ ಇದೆಯಾ ಮೇಡಂ? ಇದನ್ನು ಬಿಡಿಸಬೇಕಾ?
– ಒಬ್ಬ ತಾಯಿ, ಮಂಡ್ಯ

ಉತ್ತರ:

ಬಿಡಿಸಬೇಡಿ. ಆ ಪಟ್ಟಿಯನ್ನು ಮಗಳ ಜೊತೆ ಕೂತು ಇನ್ನೊಂದು ಸಲ ಓದಿ. ನಾನು ಮೈಸೂರಿನಲ್ಲಿ ಶಾಲಾ ಮಕ್ಕಳ ಆಪ್ತಸಮಾಲೋಚಕಿ. ಚಿಕ್ಕಂದಿನಿಂದ ಪೊಕೆಮಾನ್ ಆಡಿದವಳು, ಈಗಲೂ ಆಡುತ್ತೇನೆ. ಹಾಗಾಗಿ ನಿಮ್ಮ ಪತ್ರ ನನಗೆ ತುಂಬಾ ಹತ್ತಿರದ್ದು ಅನ್ನಿಸಿತು.

ಮೊದಲು ಅತ್ತ ಹುಡುಗಿಯ ವಿಷಯ. ಇದನ್ನು ನಾಳೆಗೆ ಬಿಡಬಾರದು. ನಿಮ್ಮ ಮಗಳು ಅವಳ ಹತ್ತಿರ ಹೋಗಿ ತಪ್ಪಾಯ್ತು ಅಂತ ಹೇಳಬೇಕು. ಸುಮ್ನೆ ಆಟಕ್ಕೆ ಬರೆದೆ ಅಂತ ಸೇರಿಸಬಾರದು. ಆಟ ಆಡಿದ್ದು ಇವಳು, ನೊಂದಿದ್ದು ಅವಳು. ಕ್ಷಮೆ ಕೇಳಿದ ಮೇಲೆ, ಆ ಹುಡುಗಿಗೆ ಇಷ್ಟ ಇದ್ದರೆ, ಒಂದು ವಿಷಯ ಹೇಳಬಹುದು. ಪೊಕೆಮಾನ್‌ಗಳ, ಅಂದರೆ ಆ ಆಟದ ಜೀವಿಗಳ, ಪಟ್ಟಿಯಲ್ಲಿ ನಂಬರ್ 1 ಇರುವುದು ಬಲ್ಬಸಾರ್. ಬೆನ್ನ ಮೇಲೆ ಗಡ್ಡೆ ಹೊತ್ತ ಮುದ್ದು ಮರಿ. ಅದು ಗ್ರಾಸ್ ಮತ್ತು ಪಾಯಿಸನ್, ಎರಡೂ ಟೈಪ್. ಎಷ್ಟೋ ಮಕ್ಕಳು ಮೊದಲ ಜೊತೆಗಾರನಾಗಿ ಆರಿಸಿಕೊಳ್ಳುವುದು ಅದನ್ನೇ. ಆದರೆ ಇದನ್ನು ಕ್ಷಮೆಯ ಬದಲಿಗೆ ಹೇಳಬಾರದು. ಕ್ಷಮೆ ಆದ ಮೇಲೆ ಮಾತ್ರ.

ಈಗ ಆಟದ ಒಳಗೆ ಬನ್ನಿ. ನಿಮಗೆ ಇದರ ಪರಿಚಯ ಇಲ್ಲದಿರಬಹುದು, ಬುಡದಿಂದಲೇ ಹೇಳುತ್ತೇನೆ. ಪೊಕೆಮಾನ್ ಆಟ ಜಪಾನಿನಲ್ಲಿ ಮೊದಲು ಬಂದಿದ್ದು 1996ರಲ್ಲಿ. ಅದನ್ನು ಕಟ್ಟಿದ ಸತೋಷಿ ತಾಜಿರಿ ಚಿಕ್ಕ ಹುಡುಗನಾಗಿದ್ದಾಗ ಹುಳು ಹುಪ್ಪಟೆ ಹಿಡಿದು ಕೂಡಿಡುತ್ತಿದ್ದರು. ಜೀವಿಗಳನ್ನು ಹುಡುಕುವುದು, ಹಿಡಿಯುವುದು, ಇದು ಯಾವ ಜಾತಿ ಅಂತ ಗುರುತಿಸುವುದು, ಗೆಳೆಯರ ಜೊತೆ ಅದಲು ಬದಲು ಮಾಡುವುದು. ಆ ಖುಷಿಯೇ ಆಟವಾಯಿತು. ನಿಮ್ಮ ಮಗಳು ನೋಟ್‌ಬುಕ್ಕಿನಲ್ಲಿ ಮಾಡಿದ್ದೂ ಅದೇ. 13ನೇ ವಯಸ್ಸಿಗೆ ಜನ ಇದ್ದಕ್ಕಿದ್ದಂತೆ ತುಂಬಾ ಗೋಜಲಾಗಿ ಕಾಣುತ್ತಾರೆ. ನಿನ್ನೆ ನಕ್ಕವಳು ಇವತ್ತು ಮಾತಾಡಿಸುವುದಿಲ್ಲ. ಅಪ್ಪ ಯಾಕೆ ರೇಗುತ್ತಾರೋ ಗೊತ್ತಾಗುವುದಿಲ್ಲ. ಆಗ ಮಕ್ಕಳು ಒಂದು ಲೆಕ್ಕ ಹುಡುಕುತ್ತಾರೆ.

ಮೊದಲು 15 ಟೈಪ್ ಇದ್ದವು. 1999ರಲ್ಲಿ ಡಾರ್ಕ್ ಮತ್ತು ಸ್ಟೀಲ್ ಸೇರಿದವು, 2013ರಲ್ಲಿ ಫೇರಿ. ಒಟ್ಟು 18. ಒಂದೊಂದು ಜೀವಿಗೆ ಒಂದು ಅಥವಾ ಎರಡು ಟೈಪ್. ಟೈಪ್‌ನ ಕೆಲಸ ಏನಪ್ಪಾ ಅಂದರೆ, ಈ ಜೀವಿಗಳು ಕಾದಾಡುವಾಗ ಯಾರ ಹೊಡೆತ ಯಾರಿಗೆ ಎಷ್ಟು ತಾಗುತ್ತದೆ ಅನ್ನುವ ಲೆಕ್ಕ. ವಾಟರ್ ಹೊಡೆತ ಫೈರ್ ಮೇಲೆ ಬಿದ್ದರೆ ಪೆಟ್ಟು ಎರಡರಷ್ಟು. ಫೈರ್ ಹೊಡೆತ ವಾಟರ್ ಮೇಲೆ ಬಿದ್ದರೆ ಅರ್ಧ. ಎಲೆಕ್ಟ್ರಿಕ್ ಹೊಡೆತ ಗ್ರೌಂಡ್ ಮೇಲೆ ಪೂರ್ತಿ ಸೊನ್ನೆ. ಮನೆಗೆ ಅರ್ಥಿಂಗ್ ಹಾಕಿಸುತ್ತೇವಲ್ಲ, ಅದೇ ಥರ.

ಗಮನಿಸಿ, ಇದರಲ್ಲಿ ಸ್ವಭಾವದ ಮಾತೇ ಇಲ್ಲ. ಫೈರ್ ಅಂದರೆ ಮುಂಗೋಪಿ, ವಾಟರ್ ಅಂದರೆ ಶಾಂತ ಅಂತ ಆಟ ಎಲ್ಲೂ ಹೇಳುವುದಿಲ್ಲ. ಅದನ್ನು ಸೇರಿಸಿದವರು ನಾವು. ನಮಗೆ ಇದು ಹಳೇ ಅಭ್ಯಾಸ. ಮೇಷ, ಸಿಂಹ, ಧನುಸ್ಸು ಅಗ್ನಿ ರಾಶಿ ಅಂತೀವಿ. ಬೇಗ ರೇಗುವವರನ್ನು ಕಂಡರೆ ಪಿತ್ತದ ಮೈ ಅಂತೀವಿ. ಆ ಹಳೇ ಅಚ್ಚಿನೊಳಗೆ ಮಕ್ಕಳು ಹೊಸ ಹೆಸರು ಸುರಿದಿದ್ದಾರೆ.

ಸ್ವಭಾವಕ್ಕೆ ಆಟದಲ್ಲಿ ಬೇರೆಯೇ ಜಾಗ ಇದೆ. ಇದು ನನಗೆ ಬಹಳ ಇಷ್ಟದ ಭಾಗ. 2002ರಲ್ಲಿ ಬಂದ ರೂಬಿ ಮತ್ತು ಸಫೈರ್ ಆಟಗಳಿಂದ ಪ್ರತಿ ಪೊಕೆಮಾನ್‌ಗೂ ಒಂದು ‘ನೇಚರ್’ ಬಂತು. ಒಟ್ಟು 25 ನೇಚರ್. ಹಟಮಾರಿ, ಅಂಜುಬುರುಕ, ಖುಷಿಯವನು, ಸೋಮಾರಿ, ಹೀಗೆ. ಟೈಪ್ ಜಾತಿಗೆಲ್ಲ ಒಂದೇ. ಚಾರ್‌ಮ್ಯಾಂಡರ್ ಅನ್ನುವ ಜಾತಿಯವೆಲ್ಲ ಫೈರ್. ನೇಚರ್ ಮಾತ್ರ ಒಂದೊಂದು ಮರಿಗೆ ಒಂದೊಂದು. ಒಂದು ಚಾರ್‌ಮ್ಯಾಂಡರ್ ಹಟಮಾರಿ, ಪಕ್ಕದ್ದು ಅಂಜುಬುರುಕ. ಒಂದೇ ತಾಯಿಯ ಮಕ್ಕಳನ್ನು ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

25ರಲ್ಲಿ 20 ನೇಚರ್‌ಗಳು ಒಂದು ಶಕ್ತಿಯನ್ನು ನೂರಕ್ಕೆ 10ರಷ್ಟು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ಉಳಿದ 5ರಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ‘ಟಿಮಿಡ್’, ಅಂದರೆ ಅಂಜುಬುರುಕ ನೇಚರ್ ಇದ್ದರೆ ಮೈಬಲದ ಹೊಡೆತ ಕಡಿಮೆ, ಓಟ ಜಾಸ್ತಿ. ಚೆನ್ನಾಗಿ ಆಡುವವರು ಇದನ್ನು ಹುಡುಕಿ ಹುಡುಕಿ ತರುತ್ತಾರೆ. ಬೆಂಕಿ ಉಗುಳುವ ಚಾರಿಜಾರ್ಡ್‌ಗೆ ಅಂಜುಬುರುಕ ನೇಚರ್ ಸಿಕ್ಕರೆ ಸಂತೋಷಪಡುತ್ತಾರೆ, ಎದುರಾಳಿಗಿಂತ ಮೊದಲು ಬೆಂಕಿ ಬಿಡುತ್ತದಲ್ಲ ಅಂತ. ತರಗತಿಯಲ್ಲಿ ‘ಪುಕ್ಕಲ’ ಅನ್ನಿಸಿಕೊಂಡ ಎಷ್ಟೋ ಮಕ್ಕಳಿಗೆ ನಾನು ಇದನ್ನು ಹೇಳಿದ್ದೇನೆ. ಅವರ ಮುಖ ನೋಡಬೇಕು ನೀವು.

ನೇಚರ್‌ಗೆ ರುಚಿಯೂ ಅಂಟಿಕೊಂಡಿದೆ. ಹಟಮಾರಿಗೆ ಖಾರ ಇಷ್ಟ. ಅಂಜುಬುರುಕನಿಗೆ ಸಿಹಿ ಇಷ್ಟ, ಖಾರ ಆಗದು. ಆಟದಲ್ಲಿ ಐದು ರುಚಿ: ಖಾರ, ಸಿಹಿ, ಕಹಿ, ಹುಳಿ, ಮತ್ತೆ ಇಂಗ್ಲಿಷಿನಲ್ಲಿ ‘ಡ್ರೈ’ ಅಂತ ಒಂದು. ಒಣ ರುಚಿ ಅಂದರೆ ಏನು ಅಂತ ನಾನೂ ಚಿಕ್ಕವಳಿದ್ದಾಗ ತಲೆ ಕೆಡಿಸಿಕೊಂಡಿದ್ದೆ. ಜಪಾನಿ ಭಾಷೆಯಲ್ಲಿ ಅದು ನಮ್ಮ ಒಗರು! ಬಾಳೆಕಾಯಿಯ ಒಗರು, ನೇರಳೆ ಹಣ್ಣಿನ ಒಗರು. ಕನ್ನಡದ ಮಗುವಿಗೆ ಥಟ್ಟನೆ ಗೊತ್ತಾಗುವ ಮಾತು. ನಮ್ಮ ಷಡ್ರಸದಲ್ಲಿ ಉಪ್ಪೊಂದು ಬಿಟ್ಟು ಎಲ್ಲವೂ ಆ ಪಟ್ಟಿಯಲ್ಲಿವೆ. ಹೋಗಲಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಸ್ವಭಾವಕ್ಕೂ ಟೈಪ್‌ಗೂ ಹೊಂದಿಸುವುದರಲ್ಲಿ ನಿಜ ಇದೆಯಾ? ವಿಜ್ಞಾನದ ಲೆಕ್ಕದಲ್ಲಿ ಇಲ್ಲ. ಪೊಕೆಮಾನ್ ಒಂದೇ ಅಂತಲ್ಲ, ಮನುಷ್ಯರನ್ನು ಡಬ್ಬಿಗಳಲ್ಲಿ ಹಾಕುವ ದೊಡ್ಡವರ ಪರೀಕ್ಷೆಗಳಿಗೂ ಇದೇ ತೊಂದರೆ. ಕಂಪನಿಗಳಲ್ಲಿ, ಕಾಲೇಜುಗಳಲ್ಲಿ ಎಂಬಿಟಿಐ ಅಂತ ಒಂದು ಪರೀಕ್ಷೆ ಮಾಡಿಸುತ್ತಾರೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ ಎಂಬ ತಾಯಿ ಮಗಳು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ವಿಚಾರಗಳ ಮೇಲೆ ಕಟ್ಟಿದ್ದು. ಎಲ್ಲರನ್ನೂ 16 ಗುಂಪಿಗೆ ಹಾಕುತ್ತದೆ. ಕೆಲವು ವಾರ ಬಿಟ್ಟು ಅದೇ ಜನಕ್ಕೆ ಮತ್ತೆ ಪರೀಕ್ಷೆ ಮಾಡಿದರೆ ಎಷ್ಟೋ ಜನ ಬೇರೆ ಗುಂಪಿಗೆ ಬೀಳುತ್ತಾರೆ.

ಯಾಕೆ ಅಂತ ಮಂಡ್ಯದವರಿಗೆ ಹೇಳುವುದು ಸುಲಭ. ಮಳೆಗಾಲದಲ್ಲಿ ನೀವೆಲ್ಲ ಬೆಳಿಗ್ಗೆ ಎದ್ದು ಕೆಆರ್‌ಎಸ್ ಮಟ್ಟ ನೋಡುತ್ತೀರಿ. ಭರ್ತಿ ಅಂದರೆ 124.80 ಅಡಿ. ಯಾರೂ ‘ತುಂಬಿದ ಕಟ್ಟೆ’, ‘ಖಾಲಿ ಕಟ್ಟೆ’ ಅಂತ ಎರಡೇ ಜಾತಿ ಮಾಡುವುದಿಲ್ಲ. ಎಷ್ಟು ಅಡಿ, ನಿನ್ನೆಗಿಂತ ಎಷ್ಟು ಏರಿತು ಅಂತ ಕೇಳುತ್ತೀರಿ. ಸ್ವಭಾವವೂ ಹಾಗೆ ಅಡಿ ಲೆಕ್ಕದ್ದು. ಬಹಳ ಜನ ನಡುಮಟ್ಟದಲ್ಲೇ ಇರುತ್ತಾರೆ. ನಡುವೆ ಒಂದು ಗೆರೆ ಎಳೆದು ಈ ಕಡೆಯವರು ಮಾತುಗಾರರು, ಆ ಕಡೆಯವರು ಮೌನಿಗಳು ಅಂದರೆ, ಗೆರೆಯ ಪಕ್ಕದಲ್ಲಿ ನಿಂತವರು ಇವತ್ತು ಈ ಕಡೆ, ನಾಳೆ ಆ ಕಡೆ. ಅದಕ್ಕೇ ಈಗ ಮನಶ್ಶಾಸ್ತ್ರದಲ್ಲಿ ಐದು ಗುಣಗಳನ್ನು ಅಳತೆಯಾಗಿ ನೋಡುತ್ತಾರೆ: ಹೊಸದಕ್ಕೆ ಮನಸ್ಸು ತೆರೆದಿರುವುದು, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಕಳವಳ. ಇವು ಪ್ರತಿಯೊಬ್ಬರಲ್ಲೂ ಇರುತ್ತವೆ, ಮಟ್ಟ ಬೇರೆ.

ಹಾಗಾದರೆ ‘ನೀನು ಈ ಟೈಪ್’ ಅಂದಾಗ ಹೌದು ಹೌದು ಅನ್ನಿಸುವುದು ಯಾಕೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ‘ಇದು ನಿನ್ನ ಸ್ವಭಾವ’ ಅಂತ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟು, ಎಷ್ಟು ಸರಿಯಾಗಿದೆ, 5ಕ್ಕೆ ಎಷ್ಟು ಅಂಕ ಅಂತ ಕೇಳಿದರು. ಸರಾಸರಿ 4.26 ಬಂತು. ಎಲ್ಲರ ಚೀಟಿಯಲ್ಲೂ ಇದ್ದದ್ದು ಅವೇ ಸಾಲುಗಳು. ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದು.

ಇದನ್ನೆಲ್ಲ ಓದಿ ಪಾಸಾದವಳು ನಾನು. ಆದರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಾಲೆಯಲ್ಲಿ ಇಂಥದೇ ಪರೀಕ್ಷೆ ಮಾಡಿಸಿ, ಮಕ್ಕಳಿಗೆ ಅವರವರ ಗುಂಪಿನ ಹೆಸರು ಬರೆದ ಕಾರ್ಡ್ ಹಂಚಿದ್ದೆ. ಒಬ್ಬ ಹುಡುಗಿ ಅದಾದ ಮೇಲೆ ಚರ್ಚಾಸ್ಪರ್ಧೆಗೆ ಹೆಸರು ಕೊಡುವುದನ್ನೇ ಬಿಟ್ಟಳು. “ನಾನು ಇಂಟ್ರೋವರ್ಟ್ ಅಲ್ವಾ ಮಿಸ್” ಅಂದಳು. ಹಿಂದಿನ ವರ್ಷ ಅದೇ ಸ್ಪರ್ಧೆಯಲ್ಲಿ ಚೆನ್ನಾಗಿ ಮಾತಾಡಿದ್ದವಳು. ಆ ಕಾರ್ಡ್ ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಆವತ್ತಿನಿಂದ ನಾನು ಯಾವ ಮಗುವಿಗೂ ‘ನೀನು ಇಂಥವಳು’ ಅಂತ ಬರೆದುಕೊಟ್ಟಿಲ್ಲ.

ಇಷ್ಟು ಹೇಳಿಯೂ ಬಿಡಿಸಬೇಡಿ ಅಂದೆ. ಕಾರಣ ಇದೆ. ನಿಮ್ಮ ಮಗಳ ಪಟ್ಟಿಯನ್ನು ಸ್ವಭಾವದ ಪಟ್ಟಿ ಅಂತ ಓದದೆ, ಆಟ ಹೇಳುವ ಹಾಗೆ ‘ಯಾರದ್ದು ಯಾರಿಗೆ ಎಷ್ಟು ತಾಗುತ್ತದೆ’ ಅಂತ ಓದಿ ನೋಡಿ.

ಅಪ್ಪ ಫೈರ್, ನೀವು ಸ್ಟೀಲ್. ಸ್ಟೀಲ್ ಬಹಳ ಗಟ್ಟಿ. ಹತ್ತು ಟೈಪ್‌ಗಳ ಹೊಡೆತ ಅದಕ್ಕೆ ಅರ್ಧವೇ ತಾಗುತ್ತದೆ, ಪಾಯಿಸನ್ ತಾಗುವುದೇ ಇಲ್ಲ. ಊರಿನವರು ಏನೇ ಅಂದರೂ ಅಮ್ಮ ಜಗ್ಗುವುದಿಲ್ಲ ಅಂತ ಮಗು ನೋಡಿದೆ. ಆದರೆ ಮೂರು ಟೈಪ್ ಮಾತ್ರ ಸ್ಟೀಲ್‌ಗೆ ಎರಡರಷ್ಟು ತಾಗುತ್ತವೆ: ಫೈರ್, ಫೈಟಿಂಗ್, ಗ್ರೌಂಡ್. ಅಪ್ಪ ಫೈರ್. ಅಜ್ಜಿ ಗ್ರೌಂಡ್. ಗ್ರೌಂಡ್ ಹೊಡೆತ ಫೈರ್‌ಗೂ ಎರಡರಷ್ಟೇ. ಅಂದರೆ ಅಜ್ಜಿ ಒಂದು ಮಾತಾಡಿದರೆ ಮನೆಯಲ್ಲಿ ಇಬ್ಬರಿಗೂ ಜೋರಾಗಿ ತಾಗುತ್ತದೆ.

ಇನ್ನು ನಾರ್ಮಲ್. ಫೈರ್, ಸ್ಟೀಲ್, ಗ್ರೌಂಡ್ ಮೂರೂ ನಾರ್ಮಲ್‌ಗೆ ಇದ್ದಷ್ಟೇ ತಾಗುತ್ತವೆ. ಎರಡರಷ್ಟು ಯಾವುದೂ ಇಲ್ಲ. ನಾರ್ಮಲ್ ಹೊಡೆತವೂ ಯಾರಿಗೂ ಎರಡರಷ್ಟು ತಾಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರ ಜಗಳವೂ ಜೋರಾಗಿ ತಾಗದ, ತನ್ನಿಂದ ಯಾರಿಗೂ ಜೋರಾಗಿ ತಾಗದ ಜಾಗದಲ್ಲಿ ಆ ಮಗು ತನ್ನ ಹೆಸರು ಬರೆದುಕೊಂಡಿದೆ.

ಇದು ಅವಳು ತಿಳಿದೇ ಮಾಡಿದ್ದು ಅಂತ ಮೈಸೂರಿನಲ್ಲಿ ಕೂತು ನಾನು ತೀರ್ಪು ಕೊಡುವುದಿಲ್ಲ. ಬರೀ ಕಾಕತಾಳೀಯ ಇರಬಹುದು. ಅವಳನ್ನೇ ಕೇಳಿ. ‘ನಮ್ಮನೇಲಿ ಯಾರ ಮಾತು ನಿನಗೆ ಎರಡರಷ್ಟು ತಾಗುತ್ತೆ ಪುಟ್ಟಾ? ಯಾರದ್ದು ಅರ್ಧ? ಯಾರದ್ದು ತಾಗೋದೇ ಇಲ್ಲ?’ ಇವು ಮೂರು ಪ್ರಶ್ನೆ ಸಾಕು. ಉತ್ತರ ಬಂದಾಗ ನಡುವೆ ಬಾಯಿ ಹಾಕಬೇಡಿ, ಸಮರ್ಥನೆ ಕೊಡಬೇಡಿ. ಅದು ನಿಮ್ಮ ಬಗ್ಗೆಯೇ ಇರಬಹುದು. ‘ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು’ ಅಂದರೆ ಈ ವಯಸ್ಸಿನ ಮಕ್ಕಳು ಬಾಯಿ ಬಿಡುವುದು ಕಷ್ಟ. ಟೈಪ್ ಭಾಷೆಯಲ್ಲಿ ಕೇಳಿದರೆ ಹೇಳುತ್ತಾರೆ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಮೂರು ಭೇಟಿಯಲ್ಲಿ ಹತ್ತು ಮಾತು ಆಡಿರಲಿಲ್ಲ. ತನ್ನನ್ನು ಎಲೆಕ್ಟ್ರಿಕ್ ಅಂದ. ಹಾಗಾದರೆ ಗ್ರೌಂಡ್ ಯಾರು ಅಂತ ಕೇಳಿದೆ. “ನಮ್ಮಜ್ಜಿ. ನಾನು ಎಷ್ಟು ಕೂಗಾಡಿದರೂ ಅವರಿಗೆ ಏನೂ ಆಗಲ್ಲ. ಊಟ ಮಾಡು ಬಾ ಅಂತಾರೆ.” ಅಲ್ಲಿಂದ ಮಾತು ಶುರುವಾಯಿತು.

ನಾರ್ಮಲ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮನ್ನು ನೋಯಿಸಿದ್ದು ಅದೇ. ‘ವಿಶೇಷ ಏನೂ ಇಲ್ಲ’ ಅಂತ ಅವಳು ಅಂದಿದ್ದು ಆಟದ ಲೆಕ್ಕದಲ್ಲೂ ಸರಿಯಲ್ಲ. ನಾರ್ಮಲ್ ಟೈಪ್‌ಗೆ ಇಡೀ 18ರಲ್ಲಿ ಒಂದೇ ಒಂದು ದೌರ್ಬಲ್ಯ, ಫೈಟಿಂಗ್. ಗೋಸ್ಟ್ ಹೊಡೆತ ಅದಕ್ಕೆ ತಾಗುವುದೇ ಇಲ್ಲ. ಬ್ಲಿಸ್ಸಿ ಅಂತ ಒಂದು ನಾರ್ಮಲ್ ಪೊಕೆಮಾನ್ ಇದೆ, ದುಂಡಗೆ, ಮೊಟ್ಟೆ ಇಟ್ಟುಕೊಂಡು ಓಡಾಡುತ್ತದೆ. ಅದರ ಪ್ರಾಣಶಕ್ತಿಯ ಅಂಕ 255. ಅದಕ್ಕಿಂತ ಜಾಸ್ತಿ ಇರುವುದು ಇನ್ನೊಂದಿಲ್ಲ. ಆಟದ ಪುರಾಣದಲ್ಲಿ ಜಗತ್ತನ್ನೇ ಸೃಷ್ಟಿಸಿತು ಅನ್ನುವ ಆರ್ಸಿಯಸ್ ಕೂಡ ನಾರ್ಮಲ್.

ಮತ್ತೆ ಈವಿ. ನಿಮ್ಮ ಮಗಳಿಗೆ ಖಂಡಿತ ಗೊತ್ತಿರುತ್ತದೆ. ನರಿಮರಿ ಥರದ್ದು, ನಾರ್ಮಲ್ ಟೈಪ್. ಅದು ಮುಂದೆ ಎಂಟು ರೂಪಗಳಲ್ಲಿ ಯಾವುದಾದರೂ ಆಗಬಹುದು: ವಾಟರ್, ಎಲೆಕ್ಟ್ರಿಕ್, ಫೈರ್, ಸೈಕಿಕ್ (ಮನಸ್ಸಿನ ಶಕ್ತಿ), ಡಾರ್ಕ್, ಗ್ರಾಸ್, ಐಸ್, ಫೇರಿ. ಕೆಲವಕ್ಕೆ ಕಲ್ಲು ಬೇಕು. ಸೈಕಿಕ್ ಮತ್ತು ಡಾರ್ಕ್ ರೂಪಗಳಿಗೆ ಬೇಕಾಗಿರುವುದು ಜೊತೆಗಾರನ ಮೇಲಿನ ಪ್ರೀತಿ. ಪ್ರೀತಿ ಬೆಳೆದು ಹಗಲಲ್ಲಿ ಅರಳಿದರೆ ಒಂದು, ರಾತ್ರಿಯಲ್ಲಿ ಅರಳಿದರೆ ಇನ್ನೊಂದು. ಈವಿಯಾಗಿಯೇ ಉಳಿಸಿಕೊಳ್ಳುವವರೂ ಇದ್ದಾರೆ, ಅದೂ ಚೆನ್ನಾಗಿಯೇ ಇರುತ್ತದೆ. 13 ವರ್ಷದ ಹುಡುಗಿ ತನ್ನನ್ನು ನಾರ್ಮಲ್ ಅಂದರೆ ನನ್ನ ಕಣ್ಣ ಮುಂದೆ ಬರುವುದು ಈವಿ. ಅವಳು ಯಾವುದನ್ನು ನೆನೆಸಿಕೊಂಡು ಬರೆದಳು ಅಂತ ನೀವು ಕೇಳಬಹುದು.

ಈಗ ಪಟ್ಟಿಯನ್ನು ಮತ್ತೆ ಬರೆಯುವ ವಿಷಯ. ಪೆನ್ನು ಬೇಡ, ಪೆನ್ಸಿಲ್ ಕೊಡಿ. ಯಾರನ್ನೇ ಹಾಕುವುದಿದ್ದರೂ ಅವರನ್ನು ಕೇಳಿಯೇ ಹಾಕಬೇಕು, ಅವರ ಟೈಪ್ ಅವರೇ ಆರಿಸಲಿ. ಇದೊಂದು ನಿಯಮ ಇದ್ದಿದ್ದರೆ ಆ ಹುಡುಗಿ ಅಳುತ್ತಿರಲಿಲ್ಲ. ಎರಡು ಟೈಪ್ ಬರೆಯಲು ಜಾಗ ಬಿಡಿ. ಮನುಷ್ಯರು ಒಂದರಲ್ಲಿ ಹಿಡಿಯುವುದಿಲ್ಲ. ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಪ್ರೊಫೆಸರ್ ಇದ್ದರು. ಪಾಠ ಮಾಡುತ್ತಿದ್ದದ್ದು ಮನಶ್ಶಾಸ್ತ್ರ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು, ಅದಕ್ಕೆ ‘ಆಕಾಶವಾಣಿ’ ಅನ್ನುವ ಹೆಸರು ಬಂತು. ಅವರನ್ನು ಸೈಕಿಕ್‌ಗೆ ಹಾಕುವುದೋ, ಎಲೆಕ್ಟ್ರಿಕ್‌ಗೋ? ಮಗಳನ್ನು ಕೇಳಿ. ನಿಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಿಂದ ಕಾವೇರಿ ನೀರೇ ಕರೆಂಟಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ವಾಟರ್ ಮತ್ತು ಎಲೆಕ್ಟ್ರಿಕ್ ಎರಡೂ ಒಟ್ಟಿಗಿರುವ ಲ್ಯಾಂಟರ್ನ್ ಎಂಬ ಮೀನು ಆಟದಲ್ಲೂ ಇದೆ.

ಟೈಪ್ ಪಕ್ಕದಲ್ಲಿ ನೇಚರ್‌ಗೆ ಬೇರೆ ಕಾಲಂ ಇರಲಿ. ಅದರಲ್ಲಿ ಇಷ್ಟದ ರುಚಿಯನ್ನೂ ಬರೆಯಲಿ. ಇದನ್ನು ಊಟದ ಹೊತ್ತಿಗೆ ಮಾಡಿ, ನಿಮ್ಮತ್ತೆಯವರನ್ನೂ ಸೇರಿಸಿಕೊಳ್ಳಿ. ಖಾರ ಯಾರಿಗೆ, ಹುಳಿ ಯಾರಿಗೆ ಅಂತ ಮಾತು ಬಂದರೆ ಹಿರಿಯರು ಸಲೀಸಾಗಿ ಸೇರುತ್ತಾರೆ. ಅವಳ ಅಪ್ಪನಿಗೂ ತನ್ನನ್ನು ಮಗಳು ಫೈರ್‌ಗೆ ಹಾಕಿದ್ದು ಗೊತ್ತಾಗಲಿ. ಆದರೆ ನೀವು ಹೇಳಬೇಡಿ. ಅವಳೇ ತೋರಿಸುವಂತಾಗಲಿ, ಅವಳಿಗೆ ಧೈರ್ಯ ಬಂದಾಗ. ಆರು ತಿಂಗಳಿಗೊಮ್ಮೆ ಪಟ್ಟಿ ತಿದ್ದಿ, ತಾರೀಖು ಹಾಕಿಡಿ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ‘ವಿಶೇಷ ಏನೂ ಇಲ್ಲ’ ಅನ್ನುವುದು ಒಂದು ಸಂಜೆಯ ಮಾತಾದರೆ ಹೆದರಬೇಡಿ. ಅದೇ ಮಾತು ಎರಡು ಮೂರು ವಾರ ಎಡೆಬಿಡದೆ ಬರುತ್ತಿದ್ದರೆ, ನಿದ್ದೆ ಊಟ ಕೆಟ್ಟರೆ, ಪೊಕೆಮಾನ್ ಕೂಡ ಬೇಡ ಅಂದರೆ, ತಡ ಮಾಡದೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ತಕ್ಷಣ ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ಮೂರು ಪ್ರಶ್ನೆಗಳನ್ನು ಮಾತ್ರ ಈ ವಾರವೇ ಕೇಳಿ. ಉತ್ತರ ಏನು ಬಂತು ಅಂತ, ಅವಳು ಒಪ್ಪಿದರೆ, ನನಗೂ ಬರೆಯಿರಿ.